ಕಣ್ಣಿಗೆ ಒಂದು ಹನಿ

೧೬ ಮಾರ್ಚ್ ೨೦೦೬, ಗುರುವಾರ

ಔಷಧ ಇದ್ದದ್ದು ದಾನವ್ವನ ಜೇನಿನಲ್ಲಲ್ಲ, ನನ್ನ ಬೆರಳಿನಲ್ಲಿ.

ಕಲಘಟಗಿಯಲ್ಲಿ ಜೇನು ಸಾಕುವ ಆಕೆ ಪರೀಕ್ಷೆಗೆ ತಂದ ಡಬ್ಬಿಯಲ್ಲಿ ಸೋಮವಾರ ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಕಂಡಾಗ ಲ್ಯಾಬಿನಲ್ಲಿ ಎಲ್ಲರೆದುರು ಬೈದೆ. “ಜೇನುಹುಳಕ್ಕ ಔಷಧ ಕುಡಿಸಿ ಸುಳ್ಳು ಹೇಳ್ತಿ ಏನು?” ನನ್ನ ತಾಯಿಯ ವಯಸ್ಸಿನವಳನ್ನು, ಏಕವಚನದಲ್ಲಿ. “ಇಲ್ರಿ ಬಾಯಾರ” ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು.

ಇವತ್ತು ಬೆಳಿಗ್ಗೆ ನೋಯುವ ಕಣ್ಣಿಗೆ ಮುಲಾಮು ಹಚ್ಚುವಾಗ ಟ್ಯೂಬಿನ ಮೇಲಿನ ಹೆಸರು ಓದಿದೆ. ಅದೇ ಔಷಧ. ಸೋಮವಾರವೂ ಅದನ್ನು ಹಚ್ಚಿಕೊಂಡು, ಕೈಗವಸಿಲ್ಲದೆ ಆಕೆಯ ಜೇನು ಮುಟ್ಟಿದ್ದೆ. ಕೈ ತೊಳೆದು ಆಕೆಯದೇ ಇನ್ನೊಂದು ಡಬ್ಬಿ ತೆರೆದು ಮತ್ತೆ ಪರೀಕ್ಷಿಸಿದೆ. ಏನೂ ಕಾಣಲಿಲ್ಲ.

ಸಂಜೆ ದಾನವ್ವ ಡಬ್ಬಿಗಳನ್ನು ವಾಪಸ್ ಒಯ್ಯಲು ಬಂದಳು. ಈ ಸಲ ಪಾಸಾಗಿದೆ ಎಂದೆ. ಕಾರಣ ಹೇಳಲು ಬಾಯಿ ಬರಲಿಲ್ಲ.

“ಮತ್ತೊಮ್ಮೆ ನೋಡಿದ್ರಲ್ಲ, ನಿಮಗ ಪುಣ್ಯಾ ಬರ್ಲಿ” ಎಂದಳು. ಹೊರಡುವಾಗ ಸೆರಗಿನಿಂದ ಸಣ್ಣ ಬಾಟಲಿ ತೆಗೆದಳು. “ಸೋಮವಾರನ ನೋಡಿದ್ದೆ, ನಿಮ್ಮ ಕಣ್ಣು ಕೆಂಪಾಗಿದ್ವು. ಮಲಗೂಮುಂದ ಒಂದು ಹನಿ ಬಿಟ್ಕೋರಿ. ನಮ್ಮ ಜೇನನ ಐತಿ.”

ಬಾಟಲಿ ಎದುರಿಗಿದೆ. ಮುಚ್ಚಳ ತೆಗೆಯುವ ಮೊದಲು ಸೋಪು ಹಚ್ಚಿ ಕೈ ತೊಳೆದು ಬಂದೆ. ಇಷ್ಟನ್ನು ಸೋಮವಾರ ಮಾಡಿದ್ದರೆ ಸಾಕಿತ್ತು.