ನಾಲ್ಕನೇ ಕುರ್ಚಿ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಮುದ್ದಿನ ಸೊಸೆಗೆ,

ನಿನ್ನ ಅತ್ತೆಯ ಆಶೀರ್ವಾದಗಳು. ಹೇಗಿದ್ದೀಯ? ನಿದ್ದೆ ಬರುತ್ತಿದೆಯಾ? ಆಸ್ಪತ್ರೆಯ ಹೊದಿಕೆ ತೆಳು ಎಂದಿದ್ದೆಯಲ್ಲ, ನನ್ನ ಶಾಲು ಕಳಿಸಿದ್ದೇನೆ. ನಾವಿಲ್ಲಿ ಮೂವರೂ ಕ್ಷೇಮ.

ನಿನ್ನ ಕಾಗದ ಬಂತು. ತುತ್ತು ಕಂಡರೆ ಹೆದರುವ ಈ ಕಾಯಿಲೆಗೆ ಚಿಕಿತ್ಸೆ ಅರ್ಧವಾಗಿರುವಾಗಲೇ ಶನಿವಾರ ಹೊರಟು ಬರುತ್ತೀಯಂತೆ. ಗಂಡ, ಮಗಳು ಉಪವಾಸ ಬಿದ್ದಿರಬೇಕಂತೆ, ಅತ್ತೆಗೆ ಮಂಡಿನೋವಂತೆ, ಅಲ್ಲಿ ನಿನಗಿಂತ ಹೆಚ್ಚು ಕಾಯಿಲೆಯವರಿದ್ದಾರಂತೆ, ಹಾಸಿಗೆ ಅವರಿಗಾಗಲಂತೆ. ಓದಿ ನಕ್ಕುಬಿಟ್ಟೆ ಕಣೇ. ಕುಣಿಯಲಾರದವಳಿಗೆ ನೆಲ ಡೊಂಕು! ಉಪವಾಸವೆಲ್ಲಿ ಬಂತು? ಒಲೆಗೀಗ ನಿನ್ನ ಗಂಡನೇ ಯಜಮಾನ. ಮರ ಅಳೆಯುವ ಟೇಪಿನಲ್ಲೇ ಹುರುಳಿಕಾಯಿ ಅಳೆದು ಒಂದೇ ಸಮ ಕತ್ತರಿಸುತ್ತಾನೆ, ಅಷ್ಟರಲ್ಲಿ ಅನ್ನ ತಳ ಹಿಡಿದಿರುತ್ತದೆ. ಮೊಮ್ಮಗಳು ಆ ಸೀಕಲೇ ತನಗೆ ಬೇಕೆಂದು ಅಪ್ಪನ ಜೊತೆ ಜಗಳಕ್ಕೆ ನಿಲ್ಲುತ್ತಾಳೆ. ಹೊಟ್ಟೆ ಹುಣ್ಣಾಗುವಷ್ಟು ನಗುತ್ತೇವೆ. ನನ್ನ ಮಂಡಿ ನೀನು ಈ ಮನೆಗೆ ಬರುವ ಮೊದಲಿಂದಲೂ ನೋಯುತ್ತಿದೆ, ನೀನು ಬಂದರೆ ನಿಲ್ಲುವಂಥದ್ದಲ್ಲ. ಇನ್ನು ಹಾಸಿಗೆ. ಹೋದ ಸಲವೂ ಇದೇ ಮಾತು ಹೇಳಿ ನಡುವೆಯೇ ಬಂದೆ. ಎರಡೇ ತಿಂಗಳಿಗೆ ಬಚ್ಚಲಲ್ಲಿ ಬಿದ್ದವಳನ್ನು ನಿನ್ನ ಗಂಡ ಎತ್ತಿಕೊಂಡು ಅದೇ ಆಸ್ಪತ್ರೆಗೆ ಓಡಿದ. ಆವತ್ತು ನನಗಾದ ಭಯ ಶತ್ರುವಿಗೂ ಬೇಡ.

ನಿಮ್ಮ ನರ್ಸಮ್ಮ ನನಗೊಂದು ಮಾತು ಹೇಳಿದ್ದರು. "ಮೈ ತುಂಬ್ಕೊಂಡು ಬಟ್ಟೆ ಬಿಗಿಯಾಗೋಕೆ ಶುರುವಾಯ್ತು ಅಂದ್ರೆ ಎಲ್ರಿಗೂ ಮನೆಕೆಲಸ ನೆನಪಾಗುತ್ತೆ ಅಮ್ಮ. ಗುಣ ಆಗ್ತಿರೋವಾಗ್ಲೇ ಓಡಿಹೋಗ್ತಾರೆ." ಹಾಗಾದರೆ ನಿನಗೂ ಬಟ್ಟೆ ಬಿಗಿಯಾಗಿದೆ, ಹೆದರಿದ್ದೀಯ, ಅಷ್ಟೇ ತಾನೇ? ಹೆದರು. ಹೆದರಿಕೊಂಡೇ ಅಲ್ಲಿರು. ಮನೆ ನಡೆಯುತ್ತಿದೆ ಎಂದರೆ ನೀನು ಬೇಡ ಎಂದಲ್ಲ ಮತ್ತೆ. ನೀನಿಲ್ಲದೆ ನನಗೆ ತುಂಬಾ ಬೇಜಾರು, ಜಗಳವಾಡಲೂ ಜನವಿಲ್ಲ.

ಇನ್ನೊಂದು ಸಂಗತಿ. ಈ ಸಲ ನಿನ್ನನ್ನು ಆಸ್ಪತ್ರೆಗೆ ಸೇರಿಸಿ ಬಂದ ರಾತ್ರಿ ಊಟಕ್ಕೆ ಕೂತೆವು. ಮೂವರು, ಮೂರು ಕುರ್ಚಿ. ಮನೆಯಲ್ಲಿ ಒಬ್ಬಳಿಲ್ಲ, ಆದರೂ ಒಂದು ಕುರ್ಚಿಯೂ ಖಾಲಿ ಕಾಣಲಿಲ್ಲ. "ನೀವು ಕೂತ್ಕೊಳ್ಳಿ ಅತ್ತೆ, ನಂದು ಆಮೇಲೆ" ಎನ್ನುತ್ತ ಇಷ್ಟು ವರ್ಷ ನಿಂತೇ ಬಡಿಸಿದ್ದೀಯ. ಊರಿಗೆಲ್ಲ ಕುರ್ಚಿ ಮಾಡುವ ಬಡಗಿಯ ಮನೆಯಲ್ಲಿ ಹೆಂಡತಿಗೊಂದು ಕುರ್ಚಿಯಿಲ್ಲ, ದೀಪದ ಬುಡದಲ್ಲೇ ಕತ್ತಲೆ! ನಿನ್ನ ಗಂಡ ಕೈತೊಳೆದವನೇ ಟೇಪು ಹಿಡಿದು ಕುರ್ಚಿಯ ಅಳತೆ ತೆಗೆದ. ಮಾರನೆಯ ದಿನವೇ ಗಿರಾಕಿಗಳ ಕೆಲಸ ಬದಿಗಿಟ್ಟು ನಾಲ್ಕನೆಯದಕ್ಕೆ ಕೈಹಾಕಿದ. ಉಳಿದ ಮೂರಕ್ಕೂ ಇಲ್ಲದ ಕೈಗಳು ಇದಕ್ಕಿವೆ, ಬೆನ್ನು ಒರಗಿಸಲು ಸೊಗಸಾಗಿದೆ. ಹೇಗಿದೆ ನೋಡೋಣವೆಂದು ಕೂತರೆ ಮೊಮ್ಮಗಳು "ಅದು ಅಮ್ಮಂದು, ಏಳಜ್ಜಿ" ಎಂದು ಎಬ್ಬಿಸಿಬಿಟ್ಟಳು. ಖುಷಿಯಿಂದಲೇ ಎದ್ದೆ.

ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳು. ನೂರು ವರ್ಷ ಬಾಳು, ಅದನ್ನೂ ಅರ್ಧಕ್ಕೆ ಬಿಡಬೇಡ.

ನಿನ್ನ ಅತ್ತೆ

ಮರೆತಿದ್ದೆ: ಕುರ್ಚಿಗೆ ನಿನ್ನೆ ವಾರ್ನಿಷ್ ಹೊಡೆದಿದ್ದಾನೆ, ಶನಿವಾರ ಬಂದರೆ ಕೂರಲಾಗುವುದಿಲ್ಲ. ಎರಡೇ ದಿನಕ್ಕೆ ಒಣಗುತ್ತದೆ ಎಂದು ನಿನ್ನ ಗಂಡ ಫೋನಿನಲ್ಲಿ ಹೇಳಿದರೆ ನಂಬಬೇಡ, ಅವನಿಗೇನು ಗೊತ್ತು. ಡಾಕ್ಟರು ನಿನಗೆ ಮನೆಗೆ ಹೋಗು ಎನ್ನುವ ದಿನವೇ ಅದು ಒಣಗುವುದು.