ಎಡಗಡೆಯ ಸ್ಪೀಕರ್

3 ಮಾರ್ಚ್, ಸೋಮವಾರ. ಬೆಳಗ್ಗೆ 11

ಮತ್ತೆ ಅದೇ. ಎಡಗಡೆಯ ಸ್ಪೀಕರ್ ಸಣ್ಣಗೆ ಕೇಳುತ್ತಿದೆ. ಎರಡು ಗಂಟೆ ಹಾಳು. ಸಂಗೀತದ ಟೀಚರಮ್ಮ ಹಾಡಿದ ನಾಲ್ಕನೆಯ ಹಾಡು — ದನಿ ನಟ್ಟನಡುವೆ ನಿಲ್ಲಬೇಕು, ಪಿಟೀಲು ಎಡಕ್ಕೆ, ಗಿಟಾರ್ ಬಲಕ್ಕೆ. ದನಿ ನಿಲ್ಲುವುದೇ ಇಲ್ಲ, ಬಲಕ್ಕೆ ಜಾರುತ್ತದೆ. ಹಾಡಿನಲ್ಲೇ ಎಡಗಡೆಯ ಸದ್ದು ಒಂದಿಷ್ಟು ಏರಿಸಿದೆ. ಈಗ ಸರಿ.

ಸ್ಪೀಕರ್ ತಂದು ಹತ್ತು ದಿನವೂ ಆಗಿಲ್ಲ. ಚಪ್ಪಲಿ ಡಬ್ಬದಷ್ಟು ಗಾತ್ರದವು ಎರಡು. ಆಂಪ್ಲಿಫೈಯರ್ ಹೊಟ್ಟೆಯೊಳಗೇ ಇದೆ, ಪ್ಲಗ್ ಚುಚ್ಚಿದರೆ ಹಾಡುತ್ತವೆ. ಮಲಗುವ ಕೋಣೆಯ ಮೂಲೆಯೇ ಸ್ಟುಡಿಯೋ ಆದವಳಿಗೆ ಇದಕ್ಕಿಂತ ಏನು ಬೇಕು? ಬೆಳಗ್ಗೆ ದನಿ, ವಾದ್ಯ ಹದವಾಗಿ ಬೆರೆಸುವ ನನ್ನ ಮಿಕ್ಸಿಂಗ್‌ಗೆ, ಮೂರು ಗಂಟೆಯ ಮೇಲೆ ಅತ್ತೆಯ ಹಳೇ ಹಾಡುಗಳಿಗೆ. ಅತ್ತೆ ಮಾತ್ರ ಪರಮ ಸುಖಿ. ಒಂದೇ ಕಿವಿ ಕೇಳುವವರಿಗೆ ಸ್ಟೀರಿಯೋ ಚಿಂತೆ ಎಲ್ಲಿಯದು!

4 ಮಾರ್ಚ್, ಮಂಗಳವಾರ

ವೈರ್ ಬದಲಿಸಿದೆ. ಕಿಟಕಿಗೆ ದಪ್ಪ ಪರದೆ ಕಟ್ಟಿದೆ. ಮೇಜು ಒಂದು ಕಡೆ ತಗ್ಗಿದೆ ಅನಿಸಿ ಕಾಲಿನ ಕೆಳಗೆ ರಟ್ಟು ಇಟ್ಟೆ. ಹೆಡ್‌ಫೋನ್ ಹಾಕಿ ಕೇಳಿದರೆ ಅದರಲ್ಲೂ ಎಡ ಸಣ್ಣ. ಹಳೆಯದು, ವೈರ್ ಸವೆದಿರಬೇಕು. ಡ್ರಾಯರ್‌ಗೆ ಎಸೆದೆ.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ನಕ್ಕೆ. ಆಮೇಲೆ ಯಾಕೋ ಸಿಟ್ಟು ಬಂತು.

7 ಮಾರ್ಚ್, ಶುಕ್ರವಾರ. ಮಧ್ಯಾಹ್ನ

ಜೋಡಿಯನ್ನು ಹೊತ್ತುಕೊಂಡು ಅಂಗಡಿಗೆ ಹೋದೆ. ಅಂಗಡಿಯವನು ಹಾಕಿ ಕೇಳಿದ, ತಲೆ ಕೆರೆದುಕೊಂಡ.

"ಚೆನ್ನಾಗೇ ಇದೆಯಲ್ಲ ಮೇಡಂ. ಮನೇಲಿ ಎರಡನ್ನೂ ಅದಲುಬದಲು ಇಟ್ಟು ನೋಡಿದ್ರಾ? ಅಷ್ಟೆಲ್ಲ ಯಾಕೆ, ಬೆನ್ನು ಹಾಕಿ ಕೂತು ಕೇಳಿದ್ರೂ ಗೊತ್ತಾಗುತ್ತೆ."

"ಎಲ್ಲ ನೋಡಿ ಆಯ್ತು" ಎಂದೆ.

ಸುಳ್ಳು. ಯಾಕೆ ಹೇಳಿದೆ? ಈ ಕೆಲಸ ಕಲಿಯಲು ಬಂದವರಿಗೆ ಮೊದಲ ದಿನ ನಾನೇ ಹೇಳಿಕೊಡುವ ಪಾಠ ಅದು. ಬೆನ್ನು ಹಾಕಿ ಕೂತರೆ ಎಡಗಡೆಯ ಡಬ್ಬ ಬಲಗಿವಿಯ ಕಡೆಗೆ ಬರುತ್ತದೆ. ಆಗ ಬಲಗಡೆ ಸಣ್ಣಗೆ ಕೇಳಿದರೆ ದೋಷ ಡಬ್ಬದ್ದು. ಆಗಲೂ ಎಡಗಡೆಯೇ ಸಣ್ಣಗಿದ್ದರೆ...

ಪಾಪ, ಮರುಮಾತಾಡದೆ ಬೇರೆ ಜೋಡಿ ಕೊಟ್ಟ.

8 ಮಾರ್ಚ್, ಶನಿವಾರ. ಬೆಳಗ್ಗೆ 9

ಹೊಸ ಜೋಡಿ. ಎಡ ಸಣ್ಣ.

ಗೋಡೆಯದ್ದೇ ತೊಂದರೆ ಇರಬೇಕು. ಎಡ ಇನ್ನೂ ಒಂಚೂರು ಏರಿಸಿ ನಾಲ್ಕೂ ಹಾಡು ಮುಗಿಸಿದೆ. ಟೀಚರಮ್ಮನಿಗೆ ಕಳಿಸಿಬಿಟ್ಟೆ. ಪೀಡೆ ಕಳೆಯಿತು.

17 ಮಾರ್ಚ್, ಸೋಮವಾರ. ಸಂಜೆ 4

ಪೀಡೆ ಎಲ್ಲಿ ಕಳೆಯಿತು? ಟೀಚರಮ್ಮ ಫೋನ್ ಮಾಡಿದ್ದರು.

"ಮೊಮ್ಮಗಳು ಕೇಳಿದಳು ಮಗು. ಅಜ್ಜಿ, ನೀನು ಎಡಗಡೆ ಬಾಗಿಲ ಹಿಂದೆ ನಿಂತ್ಕೊಂಡು ಹಾಡಿದ ಹಾಗಿದೆ ಅಂತಾಳೆ. ನಾನೇ ಮೈಕಿನಿಂದ ಪಕ್ಕಕ್ಕೆ ತಿರುಗಿ ಹಾಡಿದ್ನೋ ಏನೋ. ನಿನಗೆ ಸುಮ್ಮನೆ ತೊಂದರೆ. ಗುರುವಾರ ಬಂದು ನಾಲ್ಕನ್ನೂ ಮತ್ತೆ ಹಾಡ್ತೀನಿ."

ಎಪ್ಪತ್ತೆರಡು ವಯಸ್ಸು. ಜೀವಮಾನವೆಲ್ಲ ಬೇರೆಯವರ ಮಕ್ಕಳಿಗೆ ಕಲಿಸಿ, ಈಗ ತನ್ನದು ಅಂತ ಹತ್ತು ಹಾಡು ಉಳಿಸಿ ಹೋಗುವ ಆಸೆ. ಈ ನಾಲ್ಕಕ್ಕೇ ಮೂರು ತಿಂಗಳು ಹಿಡಿಯಿತು. ಕೆಮ್ಮು ಬಿಟ್ಟ ದಿನ ಎರಡು ಸಾಲು, ಬಿಸಿನೀರು, ಮತ್ತೆ ಎರಡು ಸಾಲು. ಆ ಗಂಟಲಿನಿಂದ ಮತ್ತೊಮ್ಮೆ ಹಾಡಿಸುವುದೇ?

ತಪ್ಪು ನಿಮ್ಮದಲ್ಲ ಅನ್ನಬೇಕಿತ್ತು. "ಸರಿ, ಬನ್ನಿ" ಎಂದುಬಿಟ್ಟೆ. ಥೂ.

ಫೋನ್ ಇಟ್ಟ ಮೇಲೆ ಗಮನಿಸಿದೆ. ಬಲಗಿವಿ ಬಿಸಿಯಾಗಿತ್ತು. ಮೊದಲೆಲ್ಲ ಫೋನ್ ಎಡಗಿವಿಗೇ ಹಿಡಿಯುತ್ತಿದ್ದೆ, ಬಲಗೈಯಲ್ಲಿ ಬರೆದುಕೊಳ್ಳಲು. ಯಾವಾಗ ಬದಲಾಯಿತು?

18 ಮಾರ್ಚ್, ಮಂಗಳವಾರ. ಬೆಳಗ್ಗೆ 8

ಅಡುಗೆಮನೆಯ ಕಟ್ಟೆ ಎರಡು ಸಲ ಒರೆಸಿದೆ. ಬಟ್ಟೆ ಮಡಚಿದೆ, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದೆ. ಕೂತಲ್ಲಿ ಕೂರಲಾಗುತ್ತಿಲ್ಲ. ನನ್ನದು ತಿರುಗುವ ಕುರ್ಚಿ. ಕಾಲಲ್ಲಿ ನೆಲ ಒಮ್ಮೆ ಒದ್ದರೆ ಸಾಕು. ಹದಿನೈದು ದಿನದಿಂದ ಅದರಿಂದ ಏಳುವಾಗಲೂ ತಿರುಗಿಸದೆ ಏಳುತ್ತಿದ್ದೇನೆ.

ಅದೇ ದಿನ. ಮಧ್ಯಾಹ್ನ 3

ಹೆಗಲ ಮೇಲೆ ಕೈ ಬಿತ್ತು. ಬೆಚ್ಚಿಬಿದ್ದೆ. ಅತ್ತೆ, ಎಡಗಡೆ.

"ಮೂರು ಸಲ ಕರೆದೆ."

"ಹಾಡು ಹಾಕಿದ್ದೆ ಅತ್ತೆ."

"ಹಾಡು ನಿಂತು ಎಷ್ಟು ಹೊತ್ತಾಯ್ತು!" ಮಂಚದ ಮೇಲೆ ಕೂತರು. "ನನಗೂ ಹೀಗೇ ಆಯ್ತು ಕಣೇ. ಎಲ್ಲರೂ ಬಾಯೊಳಗೇ ಗೊಣಗ್ತಾರೆ ಅಂತ ಎರಡು ವರ್ಷ ಮನೆಮಂದಿಗೆಲ್ಲ ಬೈದೆ. ಕೊನೆಗೆ ಡಾಕ್ಟರ ಹತ್ರ ಹೋದ್ರೆ, ಮೊದಲೇ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು ಅಂದ್ರು."

"ನನಗೇನಾಗಿದೆ? ಇದು ಸ್ಪೀಕರಿಂದು."

"ಹಂಗಾದ್ರೆ ಒಳ್ಳೇದೇ ಆಯ್ತಲ್ಲ. ಬಾಯಿ ಯಾಕೆ ಒಣಗ್ತಿದೆ ಮತ್ತೆ?"

ಹೆದರಿಕೆ. ಅಷ್ಟೇ. ಬರೆದೇ ಬಿಡುತ್ತೇನೆ: ನನಗೆ ಬೇರೆ ಯಾವ ಕೆಲಸವೂ ಬರುವುದಿಲ್ಲ. ಕೇಳುವುದೊಂದೇ ಬರುತ್ತದೆ.

19 ಮಾರ್ಚ್, ಬುಧವಾರ. ಬೆಳಗ್ಗೆ 10

ಟೀಚರಮ್ಮನಿಗೆ ಫೋನ್ ಮಾಡಿದೆ. "ನಾಳೆ ಬರಬೇಡಿ. ಗಂಟಲಿಗೆ ವಿಶ್ರಾಂತಿ ಕೊಡಿ. ನೀವು ಮೈಕಿನ ಎದುರಿಗೇ ಹಾಡಿದ್ದೀರಿ. ತಪ್ಪು ನಿಮ್ಮದಲ್ಲ."

"ಮತ್ತೆ ಯಾರದ್ದಮ್ಮ?"

"ಸಾಯಂಕಾಲ ಹೇಳ್ತೀನಿ. ನಿಮ್ಮ ಹಾಡು ಎಲ್ಲೂ ಹೋಗಲ್ಲ, ಬೇರೆ ಯಾರ ಹತ್ರ ಆದ್ರೂ ಕೇಳಿಸಿ ಸರಿ ಮಾಡಿಸ್ತೀನಿ." ಅವರು ಊಟ ಮಾಡಿದೆಯಾ ಎಂದರು, ಬೆಳಗ್ಗೆ ಹತ್ತು ಗಂಟೆಗೆ!

10.20

ಎಡ ಏರಿಸಿದ್ದನ್ನೆಲ್ಲ ಇಳಿಸಿದೆ. ಎರಡೂ ಕಡೆ ಸರಿಸಮ. ಎದುರಿಗೆ ಕೂತು ಕೇಳಿದೆ — ಎಡ ಸಣ್ಣ. ಸರಿ, ಅದು ಗೊತ್ತಿದ್ದದ್ದೇ. ಹಾಡನ್ನು ಮತ್ತೆ ಮೊದಲಿಗೆ ತಂದಿಟ್ಟೆ.

ನೆಲ ಒದ್ದೆ. ಕುರ್ಚಿ ತಿರುಗಿತು. ಡೈರಿ ತೊಡೆಯ ಮೇಲಿದೆ. ಸ್ಪೀಕರ್ ಎರಡೂ ಬೆನ್ನ ಹಿಂದೆ. ಎದುರಿಗೆ ಮಂಚ, ಮಂಚದ ಮೇಲೆ ಅತ್ತೆ, ಒಳ್ಳೆಯ ಕಿವಿ ನನ್ನ ಕಡೆಗೆ ಮಾಡಿಕೊಂಡು. ನನ್ನ ಎಡಗೈ ಅವರ ಕೈಯಲ್ಲಿದೆ. ಬೆವರುತ್ತಿರುವುದು ಯಾರ ಕೈ, ತಿಳಿಯದು.

"ಹಾಕ್ಲಾ?" ಎಂದರು. ಇನ್ನೊಂದು ಕೈಯಲ್ಲಿ ರಿಮೋಟ್, ಅದರ ಗುಂಡಿ ಒತ್ತಲು ನಿನ್ನೆಯೇ ಕಲಿತರಂತೆ.

ಪಿಟೀಲು ಬಂತು. ಗಿಟಾರ್. ಈಗ ಟೀಚರಮ್ಮ ಉಸಿರೆಳೆದುಕೊಂಡರು... ದನಿ.

"ಯಾವ ಕಡೆ ಸಣ್ಣ? ಹೇಳೇ."

ಎಡಗಡೆ. ಅತ್ತೆ, ಈಗಲೂ ಎಡ—