ಗುರಿ ಅವನ ಎಡಭುಜ

ಶುಕ್ರವಾರ, ಆಗಸ್ಟ್ 8

ಕುದುರೆ ಮೇಲಿನ ಈಟಿ ಕಾಳಗದ ಪಂದ್ಯದಲ್ಲಿ ನಾನು ಫೈನಲ್‌ಗೆ ಬಂದುಬಿಟ್ಟೆ, ಫೈನಲ್‌ಗೆ! ಆದರೆ ಎದುರಾಳಿ ಬಾರ್ನಬಿ, ಮೊನ್ನೆಮೊನ್ನೆ ಮದುವೆಯಾದ ನನ್ನ ಮುದ್ದು ಗಂಡ. ಕುಣಿಯಬೇಕೆನಿಸುತ್ತದೆ, ಮರುಕ್ಷಣವೇ ಆಟವೇ ಬೇಡವೆನಿಸುತ್ತದೆ. ಕುದುರೆ ಓಡಿಸಿಕೊಂಡು ಬಂದು ಈಟಿಯಿಂದ ಹೊಡೆಯಬೇಕಾದದ್ದು ಎಡಭುಜದ ಗುರಾಣಿಗೇ. ಸಂಜೆ ಅವನ ಕವಚದ ಪಟ್ಟಿ ಬಿಚ್ಚಿದವಳು ನಾನೇ. ಅದೇ ಭುಜ ನೇರಳೆಗಟ್ಟಿ ಊದಿಕೊಂಡಿತ್ತು. ಬೇರೆ ಎದುರಾಳಿಯಾಗಿದ್ದರೆ ಅದನ್ನು ನೋಡುತ್ತಲೇ ಇರಲಿಲ್ಲ.

“ಹಿಂದೆ ಸರಿಯೋ, ಪ್ಲೀಸ್,” ಎಂದೆ.

“ಸೋಲೋ ಭಯಾನಾ, ಮೇಡಂ? ಡಾಕ್ಟ್ರೇ ಆಡು ಅಂದಿದ್ದಾರೆ. ನೀನು ಮೆಲ್ಲಗೆ ಹೊಡೆದ್ರೆ ಮಾತ್ರ ನಾನು ಸುಮ್ನಿರಲ್ಲ!”

ಈಗ ಬಲಮಗ್ಗುಲಾಗಿ ಮಲಗಿದ್ದಾನೆ. ನಿದ್ದೆಯಲ್ಲೂ ನರಳುತ್ತಾನೆ. ಜೋರಾಗಿಯೇ ಹೊಡೆಯುತ್ತೇನೆ. ಹೊಡೆಯಬಲ್ಲೆನೇ?

ಅತ್ತೆ ಫೋನಿನಲ್ಲಿ, “ನಾನು ಯಾರ ಕಡೆ ಕೂಗ್ಲಮ್ಮಾ?” ಎಂದು ನಗುತ್ತಿದ್ದರು. ಭುಜದ ವಿಷಯ ಹೇಳಲಾಗಲಿಲ್ಲ. ಭಾನುವಾರ, ಫೈನಲ್ ನೋಡಲು, ಯಾರ್ಕ್‌ನಿಂದ ಬರುವ ಮೊದಲ ರೈಲಿಗೆ ಬಂದಿಳಿಯುತ್ತಾರೆ.